ತುಂಗಭದ್ರೆಯ ದಂಡೆಯ ಇರುಳಾಟ: ಹಲವಾಗಲು ಸೀಮೆಯ ರಂಗಸಂಗೀತ, ವಾರ್ತೆ ಮತ್ತು ಶಾಸನ

ಮಹಾನಗರಗಳ ಇರುಳಿನ ಜೀವನವನ್ನು ಕುರಿತು ಇತಿಹಾಸಕಾರರು ವಿಪುಲವಾಗಿ ಬರೆದಿದ್ದಾರೆ. ಕಲ್ಕತ್ತೆ, ಮುಂಬಯಿ, ಶಾಂಘೈಗಳಂಥ ಪಟ್ಟಣಗಳಲ್ಲಿ ದೀಪ ಹತ್ತಿದ ಮೇಲೆ ಎಲ್ಲಿ ಹಾಡು ಕೇಳಿಬರುತ್ತಿತ್ತು, ಯಾರು ಹಾಡುತ್ತಿದ್ದರು, ಮರುದಿನ ಊರವರು ಅದರ ಬಗೆಗೆ ಏನೆಂದು ಮಾತನಾಡಿಕೊಂಡರು ಎಂಬುದಕ್ಕೆಲ್ಲ ವೃತ್ತಪತ್ರಿಕೆಗಳೂ ಪುರಸಭೆಯ ಕಡತಗಳೂ ಸಾಕ್ಷಿಯಾಗಿವೆ. ಹಳ್ಳಿಗಾಡಿನ ಇರುಳಿಗೆ ಇಂಥ ಸಾಕ್ಷ್ಯ ವಿರಳ. ಆದುದರಿಂದ ಅಲ್ಲಿ ಇರುಳೆಂದರೆ ನಿದ್ರೆಯೇ ಎಂಬ ಭಾವನೆ ವಿದ್ವಾಂಸರಲ್ಲಿಯೂ ಬೇರೂರಿದಂತಿದೆ. ಈ ಭಾವನೆ ಸರಿಯಲ್ಲವೆಂಬುದನ್ನು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಹಾಗೂ ಅದರ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸೀಮೆಯ ಉದಾಹರಣೆಯಿಂದ ತೋರಿಸುವುದು ನಮ್ಮ ಮೊದಲ ಉದ್ದೇಶ. ಆ ಇರುಳುಗಳು ಯಾರ ಕಂಠವನ್ನು ಆಶ್ರಯಿಸಿ ನಿಂತಿದ್ದವೋ ಅವರ ಹೆಸರು ಚರಿತ್ರೆಯಲ್ಲಿ ಏಕೆ ದಾಖಲಾಗಲಿಲ್ಲವೆಂಬುದನ್ನು ವಿವೇಚಿಸುವುದು ಎರಡನೆಯದು.

ಮೊದಲಿಗೆ ಈ ಸೀಮೆಯ ಭೂಗೋಳವನ್ನು ಗಮನಿಸೋಣ. 1800ರಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಹರಪನಹಳ್ಳಿಯ ಸೀಮೆಯೂ ಸೇರಿತ್ತು. ಅಂದಿನಿಂದ 1953ರ ಅಕ್ಟೋಬರ್ 1ರವರೆಗೆ ಇದು ಬಳ್ಳಾರಿ ಜಿಲ್ಲೆಯೊಡನೆ ಮದರಾಸು ಆಧಿಪತ್ಯಕ್ಕೂ ಅನಂತರ ಮದರಾಸು ರಾಜ್ಯಕ್ಕೂ ಒಳಪಟ್ಟಿತ್ತು. ಪಶ್ಚಿಮಕ್ಕೆ ಹೊಳೆ ದಾಟಿದರೆ ರಾಣೆಬೆನ್ನೂರಿನ ಕಡೆಯ ನೆಲ. ಅದು ಧಾರವಾಡ ಜಿಲ್ಲೆ, ಮುಂಬಯಿ ಆಧಿಪತ್ಯ. ದಕ್ಷಿಣಕ್ಕೆ ಹರಿಹರ, ದಾವಣಗೆರೆ; ಅದು ಮೈಸೂರು ಸಂಸ್ಥಾನ. ಉತ್ತರಕ್ಕೆ ಹೊಳೆಯ ಆಚೆ ಕೊಪ್ಪಳದ ಸೀಮೆ. ಅದು ನಿಜಾಮನ ರಾಜ್ಯ. ಹೀಗೆ ನಾಲ್ಕು ಆಡಳಿತಗಳು ಪರಸ್ಪರ ಸಮೀಪಿಸುವ ಕಡೆ ಈ ತಾಲ್ಲೂಕುಗಳಿದ್ದವು. ಕಂದಾಯ, ಕೋರ್ಟು, ಶಾಲೆಯ ಪಠ್ಯ ಎಲ್ಲವೂ ಹೊಳೆಯ ಈಚೆಗೊಂದು, ಆಚೆಗೊಂದು. ಆದರೆ ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದವೆಂದರೆ ನಾಲ್ಕೂ ಕಡೆಯ ಜನ ಒಂದೇ ರಂಗದ ಮುಂದೆ ಕಂಬಳಿ ಹಾಸಿ ಕೂಡುತ್ತಿದ್ದರು. ಈ ಸಂಗತಿಯನ್ನು ನಾವು ಮುಖ್ಯವೆಂದು ತಿಳಿಯುತ್ತೇವೆ.

ಇಲ್ಲಿಯ ಇರುಳಾಟದ ಅತ್ಯಂತ ಹಳೆಯ ರೂಪ ಬಯಲಾಟ. ಊರ ಮುಂದಿನ ಬಯಲಿನಲ್ಲಿ ಅಟ್ಟ ಕಟ್ಟಿ, ದೀವಟಿಗೆಯ ಬೆಳಕಿನಲ್ಲಿ, ಮದ್ದಳೆ, ತಾಳ, ಮುಖವೀಣೆಗಳ ಹಿಮ್ಮೇಳದೊಡನೆ ಬೆಳಗಿನವರೆಗೆ ಪುರಾಣಕಥೆಯನ್ನೋ ಕುಮಾರರಾಮನ ಕಥೆಯನ್ನೋ ಆಡುತ್ತಿದ್ದರು. ಇದರಲ್ಲಿ ಸಾರಥಿಯ ಪಾತ್ರ ವಿಶೇಷವಾಗಿ ಗಮನಾರ್ಹವಾದುದು. ಪಾತ್ರಗಳು ರಂಗಕ್ಕೆ ಬಂದಾಗ ಅವುಗಳ ಹೆಸರು, ಊರು, ಪೌರುಷಗಳನ್ನು ವಿಚಾರಿಸಿ ಸಭೆಗೆ ಪರಿಚಯ ಮಾಡಿಸುವುದು ಸಾರಥಿಯ ಕೆಲಸ. ಆದರೆ ಅವನ ಮಾತಿಗೆ ಗ್ರಂಥದ ಕಟ್ಟು ಸಡಿಲ. ಇಂದ್ರನ ಒಡ್ಡೋಲಗದ ನಡುವೆಯೇ ಆ ವರ್ಷದ ಮಳೆ, ಜೋಳದ ಧಾರಣೆ, ಶಾನುಭೋಗನ ಲೆಕ್ಕ, ನೆರೆಯೂರಿನ ಜಗಳ ಇವೆಲ್ಲ ಅವನ ಬಾಯಲ್ಲಿ ಹಾಸ್ಯವಾಗಿ ಬರಬಹುದಾಗಿತ್ತು. ಪತ್ರಿಕೆ ಬಾರದ ಊರಿನಲ್ಲಿ ಸ್ಥಳೀಯ ವಾರ್ತೆಯು ಜನರ ಎದುರಿಗೆ, ಯಾರನ್ನೂ ನೇರವಾಗಿ ಹೆಸರಿಸದೆ, ಪ್ರಕಟವಾಗುತ್ತಿದ್ದ ಸ್ಥಳ ಇದೇ ಎಂದರೆ ಅತಿಶಯೋಕ್ತಿಯಾಗದು.

ವಾರ್ತೆ ಮತ್ತು ಆಟಗಳ ಈ ಸಂಬಂಧಕ್ಕೆ ಇನ್ನೂ ಪ್ರಬಲವಾದ ನಿದರ್ಶನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕಣಮರಡಿಯಲ್ಲಿ ವ್ರತಸ್ಥನಾದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ಒಂದು ಕೂಗಿನಿಂದ ನೆರೆದ ಜನಸಾಗರವನ್ನು ಮೌನಗೊಳಿಸಿ, ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಇದೇ ಕಾರಣಿಕ. ಕಂಬಳಿಯ ಅಂಗಿ ತೊಟ್ಟು ಡಮರುಗ ನುಡಿಸುತ್ತ ಕುಣಿಯುವ ಗೊರವರ ನಡುವೆ ಹೊರಡುವ ಈ ಒಂದು ವಾಕ್ಯವನ್ನು ಹಿಡಿದು ಜನರು ಮಳೆ ಬೆಳೆಗಳನ್ನೂ ಅರಸೊತ್ತಿಗೆಯ ಏರಿಳಿತಗಳನ್ನೂ ಅರ್ಥೈಸುತ್ತಾರೆ. ಈಗ ಮರುದಿನದ ಪತ್ರಿಕೆಗಳಲ್ಲಿಯೂ ಅದು ಅಚ್ಚಾಗುತ್ತದೆ. ಅದು ದೈವವಾಣಿಯೋ ಅಲ್ಲವೋ ಎಂಬ ವಿಚಾರ ಇಲ್ಲಿ ಪ್ರಕೃತವಲ್ಲ. ಸುದ್ದಿಯನ್ನು ಒಟ್ಟಾಗಿ ಕೇಳುವ, ಕೇಳಿದುದನ್ನು ತಮ್ಮ ತಮ್ಮ ಊರಿಗೆ ಹೊತ್ತೊಯ್ದು ಚರ್ಚಿಸುವ ಒಂದು ಸಭೆ ಪತ್ರಿಕೆಗಳ ಹಂಗಿಲ್ಲದೆ ಇಲ್ಲಿ ಸಿದ್ಧವಾಗಿತ್ತು ಎಂಬುದಷ್ಟೇ ನಮಗೆ ಮುಖ್ಯ.

ಇಂಥ ಸಿದ್ಧ ಸಭೆಗೆ 19ನೆಯ ಶತಮಾನದ ಕೊನೆಯಿಂದ ಕಂಪನಿ ನಾಟಕ ಬಂದು ಕೂಡಿಕೊಂಡಿತು. ಅದು ಮೂರು ದಿಕ್ಕುಗಳಿಂದ ಬಂದಿತೆಂಬುದು ಗಮನಿಸತಕ್ಕ ವಿಷಯ. ಪಶ್ಚಿಮದಲ್ಲಿ, ಮರಾಠಿ ನಾಟಕ ಮಂಡಳಿಗಳ ಪ್ರಭಾವಕ್ಕೆ ಪ್ರತಿಯಾಗಿ ಶಾಂತಕವಿಗಳು 1870ರ ದಶಕದಲ್ಲಿ ಗದುಗಿನಲ್ಲಿ ಕನ್ನಡ ನಾಟಕವನ್ನು ಕಟ್ಟಿದರು. ಮುಂದೆ ವಾಮನರಾವ ಮಾಸ್ತರ, ಗರೂಡ ಸದಾಶಿವರಾಯ, ಏಣಗಿ ಬಾಳಪ್ಪ ಮೊದಲಾದವರ ಮಂಡಳಿಗಳು ಆ ಸೀಮೆಯಲ್ಲಿ ಮೆರೆದವು. ಇವುಗಳೊಡನೆ ಬಂದುದು ಹಿಂದುಸ್ತಾನೀ ಸಂಗೀತ. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ವಾಮನರಾವ ಮಾಸ್ತರರ ಕಂಪನಿಯಲ್ಲಿ ಪಾತ್ರವಹಿಸಿ ಹಾಡುತ್ತಿದ್ದರೆಂಬುದೂ, ಅಲ್ಲಿ ಅವರ ಹಾಡನ್ನು ಕೇಳಿದ ನೀಲಕಂಠಬುವಾ ಅವರು ಶಿಷ್ಯನನ್ನಾಗಿ ಸ್ವೀಕರಿಸಿದರೆಂಬುದೂ ಪ್ರಸಿದ್ಧವಾದ ಸಂಗತಿ. ಪೂರ್ವದಲ್ಲಿ ಬಳ್ಳಾರಿಯ ಧರ್ಮವರಂ ರಾಮಕೃಷ್ಣಮಾಚಾರ್ಯರೂ (1853–1912) ನಟ ಬಳ್ಳಾರಿ ರಾಘವರೂ (1880–1946) ತೆಲುಗು ಕನ್ನಡಗಳೆರಡರಲ್ಲಿಯೂ ರಂಗಭೂಮಿಯನ್ನು ಬೆಳೆಸಿದರು. ಪದ್ಯವನ್ನು ರಾಗದಲ್ಲಿ ವಿಸ್ತರಿಸಿ ಹಾಡುವ ತೆಲುಗು ನಾಟಕದ ಪದ್ಧತಿ ಅತ್ತಕಡೆಯಿಂದ ಬಂದಿತು. ದಕ್ಷಿಣದಲ್ಲಿ 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯ ವೈಭವವೂ, ಮುಂದೆ ದಾವಣಗೆರೆಯ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯೂ ಇದ್ದವು.

ಕಂಪನಿಗಳ ಪರದೆ, ಪೆಟ್ಟಿಗೆಗಳು ಊರಿಂದೂರಿಗೆ ಸಾಗಲು ರೈಲು ಬಹುಮಟ್ಟಿಗೆ ನೆರವಾಯಿತು. 20ನೆಯ ಶತಮಾನದ ಆದಿಯಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲುಹಾದಿ ಬಂದುದರಿಂದ ಆ ಜಾತ್ರೆಯ ಊರು ಹೊರಗಿನ ಲೋಕಕ್ಕೆ ಹತ್ತಿರವಾಯಿತು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯೇ ಗತಿ. ತಗಡಿನ ಥೇಟರು, ಗ್ಯಾಸಿನ ದೀಪ, ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಂ, ಗಾಡಿಯಲ್ಲಿ ವಾದ್ಯ ಬಾರಿಸುತ್ತ ಹಂಚುವ ಹ್ಯಾಂಡ್‌ಬಿಲ್ಲು, ಹಾಡು ಹಿಡಿಸಿದರೆ ‘ವನ್ಸ್ ಮೋರ್’ ಎಂಬ ಕೂಗು ಇವು ಹಳ್ಳಿಗನ ಅನುಭವಕ್ಕೆ ಸೇರಿದವು. ಕಂಪನಿ ಹೊರಟುಹೋದ ಮೇಲೆ ಊರವರೇ ಹಾರ್ಮೋನಿಯಂ ಮಾಸ್ತರನೊಬ್ಬನನ್ನು ಕರೆಯಿಸಿ, ತಿಂಗಳುಗಟ್ಟಲೆ ತಾಲೀಮು ನಡೆಸಿ, ಕಂದಗಲ್ಲ ಹನುಮಂತರಾಯರ (1896–1966) ‘ರಕ್ತರಾತ್ರಿ’, ‘ಕುರುಕ್ಷೇತ್ರ’ಗಳಂಥ ನಾಟಕಗಳನ್ನು ಆಡತೊಡಗಿದರು. ಮೆಚ್ಚಿದವರು ನಟನ ಉಡುಪಿಗೆ ನೋಟು ಚುಚ್ಚುವುದು, ಕೊಟ್ಟವರ ಹೆಸರನ್ನೂ ಊರನ್ನೂ ಆಟ ನಿಲ್ಲಿಸಿ ಸಾರುವುದು ವಾಡಿಕೆ. ಹೊರಗಿನವನಿಗೆ ಇದು ರಸಭಂಗವೆನಿಸಬಹುದು. ಆದರೆ ಯಾವ ಊರಿನಿಂದ ಯಾರು ಬಂದಿದ್ದಾರೆ, ಯಾವ ಮನೆತನಗಳ ನಡುವೆ ಮಾತುಕತೆ ಮತ್ತೆ ಕೂಡಿದೆ ಎಂಬುದನ್ನು ಸೀಮೆಗೆಲ್ಲ ತಿಳಿಸುವ ವಾರ್ತಾಪ್ರಸಾರವೂ ಅದೇ ಆಗಿತ್ತು. ಈ ಸೀಮೆಯ ಕಿವಿಯಲ್ಲಿ ಧಾರವಾಡದ ರಾಗ, ಬಳ್ಳಾರಿಯ ಪದ್ಯ, ಮೈಸೂರಿನ ಮಾತು ಮೂರೂ ಬೆರೆತು ಒಂದಾದುದು 1956ರ ಏಕೀಕರಣಕ್ಕೆ ಎಷ್ಟೋ ಮುಂಚೆ ಎಂಬುದು ನಮ್ಮ ಅಭಿಪ್ರಾಯ.

ಇಲ್ಲಿಯವರೆಗೆ ಹೇಳಿದುದು ಸಂತೋಷದ ಕಥೆ. ಅದರ ಮತ್ತೊಂದು ಮುಖವನ್ನು ಮರೆಮಾಚುವುದು ಇತಿಹಾಸಕ್ಕೆ ಸಲ್ಲದು. ಆರಂಭದಲ್ಲಿ ಹೆಣ್ಣಿನ ಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. 20ನೆಯ ಶತಮಾನದ ಆದಿಯಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿಯವರು ಹೆಂಗಸರದೇ ಮಂಡಳಿಯನ್ನು ನಡೆಯಿಸಿದರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ಬಳ್ಳಾರಿ ರಾಘವರು ವಾದಿಸಿದರು. ಆದರೆ ರಂಗಕ್ಕೆ ಬರಲು ಯಾವ ಸ್ತ್ರೀಯರು ಸಿದ್ಧರಿದ್ದರು? ‘ಮರ್ಯಾದಸ್ಥರ’ ಮನೆಯ ಬಾಗಿಲು ಈ ವಿಷಯದಲ್ಲಿ ಮುಚ್ಚಿತ್ತು. ಮೊದಮೊದಲು ಬಂದ ನಟಿಯರಲ್ಲಿ ಅನೇಕರು ದೇವರ ಸೇವೆಗೆಂದು ಬಿಡಲಾದ ಮನೆತನಗಳವರು, ಹಾಡು ಕುಣಿತಗಳನ್ನು ವಂಶಪಾರಂಪರ್ಯವಾಗಿ ಬಲ್ಲವರು. ಎಲ್ಲ ನಟಿಯರೂ ಈ ಹಿನ್ನೆಲೆಯವರೆಂದು ತಿಳಿಯಬಾರದು; ಆದರೆ ಸಮಾಜವು ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಿತು.

ಬಳ್ಳಾರಿ ಜಿಲ್ಲೆಯ ಈ ಪಶ್ಚಿಮ ತಾಲ್ಲೂಕುಗಳು ಬಸವಿ ಪದ್ಧತಿಗೆ ಹೆಸರಾದುವು. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ರಚಿಸಿದ ಬಳ್ಳಾರಿ ಗ್ಯಾಸೆಟಿಯರಿನಲ್ಲಿ ಈ ಪದ್ಧತಿಯ ಪ್ರಸ್ತಾಪವಿದೆ. ಗಂಡು ಸಂತಾನವಿಲ್ಲದ ತಂದೆತಾಯಿಗಳು ಮಗಳನ್ನು ದೇವರಿಗೆ ಬಿಟ್ಟರೆ ಅವಳು ಮಗನ ಸ್ಥಾನದಲ್ಲಿ ನಿಂತು ಆಸ್ತಿಗೆ ಹಕ್ಕುದಾರಳಾಗುತ್ತಿದ್ದಳು. ಅದರ ಬೆಲೆಯಾಗಿ ವಿವಾಹವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಿದ್ದಳು. ಹುಡುಗಿಯ ಇಚ್ಛೆಯನ್ನು ಯಾರೂ ಕೇಳುತ್ತಿರಲಿಲ್ಲ. ಈ ಪದ್ಧತಿ ಕ್ರೂರವಾದುದು, ನಿಲ್ಲಬೇಕಾದುದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ನಿಂತ ಬಗೆಯನ್ನೂ ನೋಡಬೇಕು. ಮೈಸೂರು ಸಂಸ್ಥಾನವು 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮುಂಬಯಿ ಪ್ರಾಂತದ ಶಾಸನ 1934ರಲ್ಲಿ ಬಂದಿತು. ಮದರಾಸಿನ ಶಾಸನ 1947ರಲ್ಲಿ ಬಂದಿತು. ಅದು ದೇವರಿಗೆ ಬಿಡುವುದನ್ನಷ್ಟೇ ಅಲ್ಲ, ದೇವಾಲಯದ ಆವರಣದಲ್ಲಿಯೂ ಉತ್ಸವದ ಮೆರವಣಿಗೆಯಲ್ಲಿಯೂ ಹೆಂಗಸರು ನರ್ತಿಸುವುದನ್ನು ಸಹ ನಿಷೇಧಿಸಿತು. ಅಂದರೆ 1934ರಿಂದ 1947ರವರೆಗೆ ಹೊಳೆಯ ಆಚೆ ದಂಡೆಯಲ್ಲಿ ಅಪರಾಧವಾದುದು ಈಚೆ ದಂಡೆಯಲ್ಲಿ ಅಪರಾಧವಾಗಿರಲಿಲ್ಲ. ನೋಡುವ ಜನ ಒಂದೇ ಆಗಿದ್ದರು. ಹಾಡುವವಳ ಪಾಲಿಗೆ ಮಾತ್ರ ಹೊಳೆಯೇ ಗಡಿಯಾಗಿತ್ತು.

ಶಾಸನಗಳು ಪದ್ಧತಿಯನ್ನು ನಿಷೇಧಿಸಿದವು. ಆ ಹೆಂಗಸರ ವಿದ್ಯೆಗೆ ಬೇರೆ ನೆಲೆಯನ್ನು ಒದಗಿಸಲಿಲ್ಲ. ಹಲವರಿಗೆ ಉಳಿದ ದಾರಿ ನಾಟಕದ ರಂಗವೊಂದೇ. ಪದ್ಧತಿಯಾದರೂ ಪೂರ್ಣವಾಗಿ ಅಳಿಯಲಿಲ್ಲ. ಕರ್ನಾಟಕವು 1982ರಲ್ಲಿ ಮತ್ತೊಂದು ಶಾಸನವನ್ನು ಮಾಡಬೇಕಾಯಿತು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಯಂದು ಅಧಿಕಾರಿಗಳು ಕಾವಲಿರಬೇಕಾದ ಪ್ರಸಂಗ ಅನಂತರವೂ ಒದಗಿತು. ಮೈಲಾರದಲ್ಲಿ ವಾರ್ತೆಗಾಗಿ ಜನ ಕೂಡುವುದೂ ಅದೇ ಹುಣ್ಣಿಮೆಯ ಜಾತ್ರೆಯಲ್ಲಿ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ನಾಟಕವನ್ನು ಏಕೀಕರಣದ ಇತಿಹಾಸಕ್ಕೆ ಸೇರಿಸುವುದು ಸರಿಯೇ ಎಂಬ ಶಂಕೆ ಇಲ್ಲಿ ಏಳಬಹುದು. ಏಕೀಕರಣವನ್ನು ಸಭೆಗಳೂ ನಿರ್ಣಯಗಳೂ ಪತ್ರಿಕೆಗಳೂ ಸಾಧಿಸಿದವೆಂಬುದು ನಿಜ. ಆದರೆ ಓದು ಬಾರದವನಿಗೆ ಹೊಳೆಯ ಆಚೆಯವನೂ ತನ್ನ ಮಾತಿನವನೇ ಎಂಬ ತಿಳಿವು ನಿರ್ಣಯದಿಂದ ಬರಲಾರದು. ಒಂದೇ ಹಾಸ್ಯಕ್ಕೆ ಇಬ್ಬರೂ ಕೂಡಿ ನಕ್ಕಾಗ, ಒಂದೇ ಹಾಡಿಗೆ ಇಬ್ಬರೂ ಕೂಡಿ ಕಣ್ಣೊರೆಸಿಕೊಂಡಾಗ ಅದು ಬರುತ್ತದೆ. ಹಲವಾಗಲಿನ ಸೀಮೆಯ ತಾಲ್ಲೂಕು ಕಚೇರಿ 1953ರ ವರೆಗೆ ಮದರಾಸಿನ ಆಜ್ಞೆಯನ್ನು ಪಾಲಿಸಿತು. ಅನಂತರವೂ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕಚೇರಿಯ ಫಲಕ ಇಷ್ಟು ಸಲ ಬದಲಾದರೂ ಇರುಳಾಟದ ಸಭೆ ಬದಲಾಗಲಿಲ್ಲ.

ಆ ಸಭೆಗೆ ಕಂಠಕೊಟ್ಟವರಲ್ಲಿ ಕೆಲವರ ಹೆಸರಾದರೂ ಈಚೆಗೆ ಉಳಿಯುವಂತಾಗಿದೆ. ಬಳ್ಳಾರಿಯ ಸುಭದ್ರಮ್ಮ ಮನಸೂರ (1939–2020) ಅವರ ರಂಗಗೀತೆಗಳನ್ನು ನಾಡು ಆದರದಿಂದ ಕೇಳಿತು. ಬಳ್ಳಾರಿ ಸೀಮೆಯ ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು. ಇವು ಸಂತೋಷದ ಸಂಗತಿಗಳು. ಆದರೆ ಇವರಿಗಿಂತ ಹಿಂದಿನ ತಲೆಮಾರಿನವರು, ಹ್ಯಾಂಡ್‌ಬಿಲ್ಲಿನಲ್ಲಿ ಒಂದು ಸಾಲಾಗಿ ಅಚ್ಚಾಗಿ ಮರುದಿನವೇ ಕಸವಾದವರು ಎಷ್ಟು ಜನರೋ! ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ, ಹಾರ್ಮೋನಿಯಂ ಮಾಸ್ತರರ ಪುಸ್ತಕಗಳ ನಡುವೆ ಇಂಥ ಹ್ಯಾಂಡ್‌ಬಿಲ್ಲುಗಳು ಇನ್ನೂ ಉಳಿದಿರಬಹುದು. ಶಾಸನಗಳ ಪಡಿಯಚ್ಚು ತೆಗೆಯಲು ಕಲ್ಲನ್ನು ಹುಡುಕಿಕೊಂಡು ಹೋಗುವ ನಾವು ಈ ಕಾಗದಗಳನ್ನೂ ಅಷ್ಟೇ ಶ್ರದ್ಧೆಯಿಂದ ಹುಡುಕಬೇಕಾಗಿದೆ. ಕಲ್ಲು ಕಾಯುತ್ತದೆ; ಕಾಗದ ಕಾಯುವುದಿಲ್ಲ.