ಓದು ಬಾರದ ಅಪ್ಪ-ಅಮ್ಮನಿಂದ ಹೈಸ್ಕೂಲ್ ಮಕ್ಕಳಿಗೆ ಏನೂ ಉಪಯೋಗವಿಲ್ಲವೇ? ಸಂಶೋಧನೆ ಹೇಳುವುದು ಬೇರೆಯೇ

ಜೂನ್‌ನಲ್ಲಿ ಶಾಲೆ ಶುರುವಾದಾಗ ಒಮ್ಮೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಬಂದಾಗ ಮತ್ತೊಮ್ಮೆ, ಪೋಷಕರ ವಾಟ್ಸಾಪ್ ಗ್ರೂಪುಗಳಲ್ಲಿ ಉಪದೇಶದ ಸಂದೇಶಗಳು ಹರಿದಾಡುತ್ತವೆ. ‘ಪಕ್ಕದಲ್ಲೇ ಕೂತು ಓದಿಸಿ’ ಎನ್ನುತ್ತದೆ ಒಂದು. ‘ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ’ ಎನ್ನುತ್ತದೆ ಇನ್ನೊಂದು. ‘ಹತ್ತನೇ ಕ್ಲಾಸ್ ಹೋದರೆ ಬದುಕೇ ಹೋದಂತೆ’ ಎಂದು ಹೆದರಿಸುವುದು ಮಗದೊಂದು.

ಇವನ್ನೆಲ್ಲ ನೋಡಿದ ಎಷ್ಟೋ ತಂದೆ-ತಾಯಂದಿರು ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: ‘ನಾವು ಓದಿದ್ದೇ ಏಳನೇ ಕ್ಲಾಸು. ಆಲ್ಜಿಬ್ರಾ, ಇಂಗ್ಲಿಷ್ ನಮಗೆಲ್ಲಿ ಬರುತ್ತೆ? ಇನ್ನು ಮೇಷ್ಟ್ರೇ ನೋಡಿಕೊಳ್ಳಬೇಕು.’

ಈ ಮಾತಿನಿಂದ ನಷ್ಟವಾಗುವುದು ಮಕ್ಕಳಿಗೆ. ನಮ್ಮ ದೇಶದಲ್ಲಿ ಶಾಲೆ ಬಿಡುವ ಮಕ್ಕಳ ಪ್ರಮಾಣ ಪ್ರಾಥಮಿಕ ಹಂತಕ್ಕಿಂತ ಪ್ರೌಢಶಾಲೆಯ ಹಂತದಲ್ಲೇ ಹೆಚ್ಚು. ಅಂದರೆ ಮನೆಯವರು ಹಿಂದೆ ಸರಿಯುವ ಹೊತ್ತೇ ಮಕ್ಕಳಿಗೆ ಅವರು ಹೆಚ್ಚು ಬೇಕಾದ ಹೊತ್ತು. ಹಾಗಾದರೆ ಹೈಸ್ಕೂಲಿನಲ್ಲಿ ಪೋಷಕರ ಯಾವ ಕೆಲಸ ನಿಜಕ್ಕೂ ಫಲ ಕೊಡುತ್ತದೆ? ಒಂದೊಂದಾಗಿ ನೋಡೋಣ.

ಹೇಳಿಕೆ 1: ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡಿಸಿದರೆ ಅಂಕ ಏರುತ್ತದೆ

ಇದಕ್ಕೆ ಗಟ್ಟಿ ಆಧಾರವಿಲ್ಲ.

ಅಮೆರಿಕದ ಸಂಶೋಧಕರಾದ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ 2009ರಲ್ಲಿ 50 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಅವು ಅಲ್ಲಿನ ಮಿಡ್ಲ್ ಸ್ಕೂಲ್, ಅಂದರೆ ಹೆಚ್ಚು ಕಡಿಮೆ 11ರಿಂದ 14 ವಯಸ್ಸಿನ ಮಕ್ಕಳ ಕುರಿತ ಅಧ್ಯಯನಗಳು. ಪೋಷಕರು ಮಾಡುವ ಕೆಲಸಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಯಾವುದಕ್ಕೂ ಮಕ್ಕಳ ಕಲಿಕೆಗೂ ಎಷ್ಟು ನಂಟಿದೆ ಎಂದು ಅವರು ಲೆಕ್ಕ ಹಾಕಿದರು. ಹೋಂವರ್ಕಿಗೆ ನೇರ ನೆರವು ನೀಡುವುದು ಪಟ್ಟಿಯ ಕೊನೆಯಲ್ಲಿತ್ತು. ಒಟ್ಟು ಲೆಕ್ಕದಲ್ಲಿ ಅದರ ನಂಟು ತುಸು ಋಣಾತ್ಮಕವಾಗಿಯೇ ಇತ್ತು.

ಹಾಗೆಂದು ‘ಹೋಂವರ್ಕಿಗೆ ಸಹಾಯ ಮಾಡಿದರೆ ಮಗು ಹಾಳಾಗುತ್ತದೆ’ ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ಅದೂ ತಪ್ಪೇ. ಮಗು ಹಿಂದೆ ಬಿದ್ದಾಗಲೇ ಅಪ್ಪ-ಅಮ್ಮ ಹೆಚ್ಚಾಗಿ ಪಕ್ಕದಲ್ಲಿ ಕೂರುವುದು. ಹಾಗಾಗಿ ನೆರವೂ ಕಡಿಮೆ ಅಂಕವೂ ಒಟ್ಟಿಗೆ ಕಾಣಿಸಬಹುದು. ಜ್ವರ ಬಂದವರ ಮನೆಯಲ್ಲಿ ಮಾತ್ರೆ ಇರುತ್ತದೆ ಎಂದ ಮಾತ್ರಕ್ಕೆ ಮಾತ್ರೆಯಿಂದಲೇ ಜ್ವರ ಬಂತು ಎನ್ನಲಾಗದು. ಇನ್ನೊಂದು ಕಾರಣ ವಯಸ್ಸು. ಹದಿಮೂರು ಹದಿನಾಲ್ಕರ ಮಕ್ಕಳಿಗೆ ತಮ್ಮ ಕೆಲಸ ತಾವೇ ಮಾಡಬೇಕೆಂಬ ಹಟವಿರುತ್ತದೆ. ನೆರವು ಕಾವಲಾಗಿ ಬದಲಾದರೆ ಮನೆಯಲ್ಲಿ ಜಗಳವೇ ಜಾಸ್ತಿಯಾಗುತ್ತದೆ.

ಹೇಳಿಕೆ 2: ಓದು ಬಾರದ ಪೋಷಕರಿಂದ ಏನೂ ಆಗದು

ಇದು ತಪ್ಪು. ಮೇಲಿನ ಪರಿಶೀಲನೆಯಲ್ಲೇ ಇದಕ್ಕೆ ಉತ್ತರವಿದೆ.

ಮಕ್ಕಳ ಕಲಿಕೆಯೊಂದಿಗೆ ಎಲ್ಲಕ್ಕಿಂತ ಬಲವಾದ ನಂಟು ಕಂಡದ್ದು ಮನೆಯ ಮಾತುಕತೆಗೆ. ಓದು ಯಾಕೆ ಬೇಕು ಎಂದು ಮಾತಾಡುವುದು, ಮುಂದೆ ಏನಾಗಬೇಕೆಂದಿದ್ದೀಯ ಎಂದು ಕೇಳುವುದು, ತರಗತಿಯಲ್ಲಿ ಕಲಿತದ್ದನ್ನು ಮಗುವಿನ ಇಷ್ಟಕ್ಕೂ ನಾಳಿನ ದಿನಕ್ಕೂ ಜೋಡಿಸುವುದು, ಮನೆಯವರ ನಿರೀಕ್ಷೆಯನ್ನು ಸ್ಪಷ್ಟವಾಗಿ ಹೇಳುವುದು. ಇವುಗಳಲ್ಲಿ ಯಾವುದಕ್ಕೂ ಡಿಗ್ರಿ ಬೇಡ.

ಈ ಅಧ್ಯಯನಗಳು ಅಮೆರಿಕದವು. ನಮ್ಮ ಊರಿನ ಲೆಕ್ಕ ಅದೇ ಅಂಕಿಗೆ ಬಂದು ನಿಲ್ಲಬೇಕೆಂದಿಲ್ಲ. ಆದರೆ ‘ಪಿಯುಸಿಗೆ ಸೈನ್ಸ್ ತಗೋತೀಯಾ, ಐಟಿಐ ಮಾಡ್ತೀಯಾ? ಯಾಕೆ?’ ಎಂದು ಊಟದ ಹೊತ್ತಿನಲ್ಲಿ ಕೇಳಿ, ಉತ್ತರಕ್ಕೆ ಕಿವಿಗೊಡುವುದು ಯಾವ ಮನೆಯಲ್ಲಾದರೂ ಆಗುವ ಕೆಲಸ.

ಓದು ಬಾರದವರೂ ಮಾಡಬಹುದಾದ ಮತ್ತೊಂದು ಕೆಲಸವಿದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ನಾಲ್ಕು ಸರದಿಯಲ್ಲೂ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರರಲ್ಲಿ ಪುಸ್ತಕವಿಲ್ಲದೆ ನೆನಪಿನಿಂದಲೇ ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಬರೀ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಅವರಿಗೆ ನೆನಪಿದ್ದದ್ದು ಸುಮಾರು ಶೇ. 40. ನೆನಪಿನಿಂದ ಬರೆದವರಿಗೆ ಸುಮಾರು ಶೇ. 61.

ಇದನ್ನು ಮನೆಗೆ ತರುವುದು ಸುಲಭ. ‘ಪುಸ್ತಕ ಮುಚ್ಚು, ಇವತ್ತಿನ ಪಾಠ ನನಗೆ ಅರ್ಥ ಆಗೋ ಹಾಗೆ ಹೇಳು’ ಅನ್ನಿ. ಅಕ್ಕಿ ಆರಿಸುತ್ತಲೇ ಕೇಳಬಹುದು. ನಿಮಗೆ ಆ ವಿಷಯ ಗೊತ್ತಿಲ್ಲದಿರುವುದೇ ಇಲ್ಲಿ ಅನುಕೂಲ. ಗೊತ್ತಿಲ್ಲದವರಿಗೆ ವಿವರಿಸಬೇಕಾದರೆ ಮಗು ಪಾಠವನ್ನು ತನ್ನ ಮಾತಿನಲ್ಲೇ ಜೋಡಿಸಿಕೊಳ್ಳಬೇಕು. ಎಲ್ಲಿ ತಡವರಿಸಿತೋ ಅಲ್ಲಿ ಮತ್ತೆ ಓದಬೇಕು ಎಂಬುದು ಅದಕ್ಕೇ ಗೊತ್ತಾಗುತ್ತದೆ.

ಹೇಳಿಕೆ 3: ತೊಂದರೆ ಇದ್ದರೆ ಶಾಲೆಯವರೇ ಹೇಳಿ ಕಳಿಸುತ್ತಾರೆ

ಅರ್ಧ ಸತ್ಯ. ಬಹಳ ಸಲ ಆ ಸುದ್ದಿ ಮನೆ ತಲುಪುವ ಹೊತ್ತಿಗೆ ತಡವಾಗಿರುತ್ತದೆ.

ಪ್ರಾಥಮಿಕ ಶಾಲೆಯಲ್ಲಿ ದಿನದ ಹೆಚ್ಚು ಹೊತ್ತು ಮಗುವಿನ ಜೊತೆಗಿರುವ ಒಬ್ಬಿಬ್ಬರು ಶಿಕ್ಷಕರಿರುತ್ತಾರೆ. ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ ವಿಷಯಕ್ಕೊಬ್ಬರು. ಗಣಿತದಲ್ಲಿ ಹಿಂದೆ ಬಿದ್ದದ್ದು ಗಣಿತದ ಮೇಷ್ಟ್ರಿಗೆ ಗೊತ್ತು, ಇಂಗ್ಲಿಷ್ ಪೀರಿಯಡ್ ತಪ್ಪಿಸಿದ್ದು ಇಂಗ್ಲಿಷ್ ಮೇಡಂಗೆ ಗೊತ್ತು. ಎರಡನ್ನೂ ಸೇರಿಸಿ ಮನೆಗೆ ತಿಳಿಸುವವರು ಯಾರು? ಬಹುತೇಕ ಮಗುವೇ. ಅದು ತನಗೆ ಬೇಕಾದ ಸುದ್ದಿ ಮಾತ್ರ ಹೊತ್ತು ತರುತ್ತದೆ.

ಅರ್ಥಶಾಸ್ತ್ರಜ್ಞ ಪೀಟರ್ ಬರ್ಗ್‌ಮನ್ ಲಾಸ್ ಏಂಜಲೀಸ್‌ನ ಬಡ ಕುಟುಂಬಗಳೇ ಹೆಚ್ಚಿದ್ದ ಪ್ರದೇಶದಲ್ಲಿ ಇದನ್ನು ಪರೀಕ್ಷಿಸಿದರು. ಮಕ್ಕಳು ಯಾವ ಕೆಲಸ ಒಪ್ಪಿಸಿಲ್ಲ ಎಂಬ ವಿವರವನ್ನು ಪೋಷಕರಿಗೆ ಆಗಾಗ ಮೆಸೇಜ್ ಮೂಲಕ ತಿಳಿಸಲಾಯಿತು. ಪೋಷಕರು ತಮ್ಮ ಮಕ್ಕಳ ಶ್ರಮವನ್ನು ಇರುವುದಕ್ಕಿಂತ ಹೆಚ್ಚು ಎಂದು ನಂಬಿದ್ದರು ಎಂಬುದು ಅಲ್ಲಿ ಕಂಡುಬಂತು. ಸರಿಯಾದ ಮಾಹಿತಿ ಸಿಕ್ಕ ಮನೆಗಳ ಮಕ್ಕಳ ಗ್ರೇಡ್ ಸುಧಾರಿಸಿತು. ನಂತರ ವೆಸ್ಟ್ ವರ್ಜೀನಿಯಾ ರಾಜ್ಯದ 22 ಶಾಲೆಗಳಲ್ಲಿ ಗೈರುಹಾಜರಿ, ಒಪ್ಪಿಸದ ಕೆಲಸ, ಕಡಿಮೆ ಗ್ರೇಡ್ ಬಗ್ಗೆ ಪೋಷಕರಿಗೆ ಮೆಸೇಜ್ ಕಳಿಸಿದಾಗ, ವಿಷಯಗಳಲ್ಲಿ ಫೇಲಾಗುವ ಪ್ರಮಾಣ ಕಾಲುಭಾಗಕ್ಕೂ ಹೆಚ್ಚು ಇಳಿಯಿತು. ತರಗತಿಯ ಹಾಜರಿ ಶೇ. 12ರಷ್ಟು ಏರಿತು. ರಾಜ್ಯಮಟ್ಟದ ಪರೀಕ್ಷೆಯ ಅಂಕಗಳಲ್ಲಿ ಮಾತ್ರ ಗಮನಾರ್ಹ ಬದಲಾವಣೆ ಆಗಲಿಲ್ಲ. ಮೆಸೇಜ್ ಎಲ್ಲಕ್ಕೂ ಮದ್ದಲ್ಲ, ಆದರೆ ಮಗು ಕೈಜಾರುತ್ತಿರುವುದನ್ನು ಬೇಗ ತೋರಿಸುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ನೇರ ಮಹತ್ವವಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ಒಟ್ಟು 625 ಅಂಕಗಳಲ್ಲಿ 500 ಲಿಖಿತ ಪರೀಕ್ಷೆಗೆ. ಉಳಿದ 125 ಆಂತರಿಕ ಮೌಲ್ಯಮಾಪನಕ್ಕೆ, ಅಂದರೆ ವರ್ಷವಿಡೀ ಶಾಲೆಯಲ್ಲೇ ನಡೆಯುವ ಕಿರುಪರೀಕ್ಷೆ, ಪ್ರಾಜೆಕ್ಟ್‌ನಂಥ ಚಟುವಟಿಕೆಗಳಿಗೆ. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20. ಈ ಐದನೇ ಒಂದು ಪಾಲು ಪರೀಕ್ಷೆಯ ಹಿಂದಿನ ತಿಂಗಳು ರಾತ್ರಿಯೆಲ್ಲ ಓದಿದರೆ ಸಿಗುವಂಥದ್ದಲ್ಲ.

ಹೇಳಿಕೆ 4: ‘ಎರಡು ಬಿಗೀರಿ ಸಾರ್, ನಾವೇನೂ ಕೇಳಲ್ಲ’

ಪೋಷಕರ ಸಭೆಯಲ್ಲಿ ಸಲುಗೆಯಿಂದ, ಗೌರವದಿಂದಲೇ ಬರುವ ಮಾತಿದು. ಆದರೆ ಪೋಷಕರು ಒಪ್ಪಿದರೆಂದು ಹೊಡೆತ ಕಾನೂನುಬದ್ಧವಾಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಹದಿನಾಲ್ಕು ದಾಟಿದ ಕೂಡಲೇ ರಕ್ಷಣೆ ಮುಗಿಯಿತು ಎಂದಲ್ಲ. 18ರೊಳಗಿನವರನ್ನು ತಮ್ಮ ಸುಪರ್ದಿಯಲ್ಲಿ ಇಟ್ಟುಕೊಂಡವರು ಎಸಗುವ ಕ್ರೌರ್ಯಕ್ಕೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್‌ನಲ್ಲಿ ಶಿಕ್ಷೆಯಿದೆ.

ಕಾನೂನಿನ ಮಾತು ಬಿಟ್ಟರೂ, ಶಿಕ್ಷಕರ ಮುಂದೆ ಅಪ್ಪ ಹೀಗೆಂದರೆ ಮಗುವಿಗೆ ಕೇಳಿಸುವುದು ಒಂದೇ: ಇಬ್ಬರೂ ಸೇರಿದ್ದು ನನ್ನನ್ನು ಹಿಡಿಯಲು. ಅಲ್ಲಿಂದ ಮುಂದೆ ಅದು ತನ್ನ ಕಷ್ಟವನ್ನು ಇಬ್ಬರಿಗೂ ಹೇಳದು. ‘ಇವಳಿಗೆ ಎಲ್ಲಿ ಕಷ್ಟ ಆಗ್ತಿದೆ ಸಾರ್, ಮನೇಲಿ ನಾವೇನು ಮಾಡಬಹುದು?’ ಎಂದು ಮಗುವಿನ ಎದುರೇ ಕೇಳಿ. ಸೇರಿರುವುದು ತನಗಾಗಿ ಎಂಬುದು ಅದಕ್ಕೂ ತಿಳಿಯುತ್ತದೆ.

ಹೇಳಿಕೆ 5: ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದಿದರೇ ತಲೆಗೆ ಹತ್ತುವುದು

ಎಷ್ಟು ಗಂಟೆಗೆ ಏಳುತ್ತಾರೆ ಎಂಬುದಕ್ಕಿಂತ ಎಷ್ಟು ಹೊತ್ತು ಮಲಗಿದ್ದರು ಎಂಬುದು ಮುಖ್ಯ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಶಿಫಾರಸು ಮಾಡಿದೆ. ಹದಿಹರೆಯದಲ್ಲಿ ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸುತ್ತದೆ. ಆದ್ದರಿಂದ ಈ ವಯಸ್ಸಿನವರಿಗೆ ಬೇಗ ನಿದ್ದೆ ಬಾರದಿರುವುದು ಬರೀ ಸೋಮಾರಿತನವಲ್ಲ. ರಾತ್ರಿ ಎಂಟಕ್ಕೆ ಮಲಗುವ ಮಗು ನಾಲ್ಕಕ್ಕೆ ಎದ್ದರೆ ತೊಂದರೆಯಿಲ್ಲ. ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಸಿಕ್ಕಿದ್ದು ಐದೇ ಗಂಟೆ. ಅದರ ಬೆಲೆಯನ್ನು ಮಧ್ಯಾಹ್ನದ ಪೀರಿಯಡ್ ತೆರುತ್ತದೆ. ರಾತ್ರಿ ಮನೆಯ ಟಿವಿ, ಮೊಬೈಲ್ ಸದ್ದು ತಗ್ಗಿಸುವುದೂ ಪೋಷಕರ ಪಾಲಿನ ‘ಓದಿಸುವಿಕೆ’ಯೇ.

ಹೇಳಿಕೆ 6: ಎಸ್‌ಎಸ್‌ಎಲ್‌ಸಿಗೆ ಇರುವುದು ಒಂದೇ ಅವಕಾಶ

ತಪ್ಪು. ಕರ್ನಾಟಕದಲ್ಲಿ 2023-24ನೇ ಸಾಲಿನಿಂದ ಒಂದೇ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಇದೆ. ಫೇಲಾದವರಷ್ಟೇ ಅಲ್ಲ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಫಲಿತಾಂಶದ ದಿನ ಮಗು ಕುಸಿದು ಕೂತಿದ್ದರೆ ಮೊದಲು ಹೇಳಬೇಕಾದ ಮಾತು ಇದು. ಮಗು ಊಟ ಬಿಟ್ಟಿದ್ದರೆ, ಯಾರ ಜೊತೆಗೂ ಮಾತಾಡದೆ ಇದ್ದರೆ, ಬದುಕೇ ಬೇಡ ಎಂಬ ಮಾತಾಡಿದರೆ ಅದನ್ನು ನಾಟಕ ಎನ್ನಬೇಡಿ, ಒಂಟಿಯಾಗಿ ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಶಾಲೆಗೆ ಹೋದಾಗ ಏನು ಕೇಳಬೇಕು?

‘ನನ್ನ ಮಗ ಹೇಗೆ ಓದ್ತಾನೆ ಸಾರ್?’ ಎಂದರೆ ‘ಪರವಾಗಿಲ್ಲ, ಇನ್ನೂ ಸುಧಾರಿಸಬೇಕು’ ಎಂಬ ಉತ್ತರ ಬರುತ್ತದೆ, ಸಭೆ ಮುಗಿಯುತ್ತದೆ. ಅದರ ಬದಲು ಈ ಐದನ್ನು ಕೇಳಿ:

1. ಇಲ್ಲಿಯವರೆಗೆ ಹಾಜರಾತಿ ಎಷ್ಟಿದೆ? ಯಾವುದಾದರೂ ಪೀರಿಯಡ್ ತಪ್ಪಿಸುತ್ತಾರಾ?
2. ಯಾವ ವಿಷಯದ ಯಾವ ಪಾಠದಲ್ಲಿ ಕಷ್ಟ?
3. ಒಪ್ಪಿಸಬೇಕಾದ ಪ್ರಾಜೆಕ್ಟ್, ನೋಟ್ಸ್ ಏನಾದರೂ ಬಾಕಿ ಇದೆಯಾ?
4. ಉತ್ತರ ಪತ್ರಿಕೆ ನೋಡಬಹುದಾ? ಅಂಕ ಹೋಗಿದ್ದು ಎಲ್ಲಿ ಎಂದು ಮಗುವಿನ ಎದುರೇ ತೋರಿಸುತ್ತೀರಾ?
5. ಏನಾದರೂ ವ್ಯತ್ಯಾಸ ಕಂಡರೆ ಯಾವ ನಂಬರಿಗೆ, ಎಷ್ಟು ಹೊತ್ತಿಗೆ ಫೋನ್ ಮಾಡಬಹುದು? ನೀವೂ ಈ ನಂಬರಿಗೆ ತಿಳಿಸುತ್ತೀರಾ?

ನೀವೂ ಒಂದು ಸಂಗತಿ ಹೇಳಿ ಬನ್ನಿ. ಮನೆಯಲ್ಲಿ ಯಾರಿಗೋ ಕಾಯಿಲೆ, ಸುಗ್ಗಿಯ ಕೆಲಸ, ಬಸ್ಸು ತಡವಾಗುವುದು, ಮಗಳ ಕಣ್ಣಿಗೆ ಬೋರ್ಡು ಸರಿಯಾಗಿ ಕಾಣದಿರುವುದು, ಇವೆಲ್ಲ ಹೇಳದೆ ಶಿಕ್ಷಕರಿಗೆ ಗೊತ್ತಾಗದು. ಕೂಲಿ ಬಿಟ್ಟು ಸಭೆಗೆ ಬರಲಾಗದಿದ್ದರೆ ಕ್ಲಾಸ್ ಟೀಚರ್‌ಗೆ ಐದು ನಿಮಿಷದ ಫೋನ್ ಸಾಕು. ಸಭೆಗೆ ಬರದ ಅಪ್ಪನಿಗೆ ಕಾಳಜಿಯಿಲ್ಲ ಎಂದು ಶಾಲೆಯೂ ಎಣಿಸಬಾರದು. ಆ ದಿನದ ಕೂಲಿ ಕಳೆದುಕೊಳ್ಳುವಂತಿಲ್ಲ ಎಂಬುದಷ್ಟೇ ಕಾರಣವಿರಬಹುದು.

ಗ್ರೂಪಿಗೆ ಕಳಿಸುವುದಾದರೆ ಇದನ್ನು ಕಳಿಸಿ

ಹೈಸ್ಕೂಲ್ ಮಗುವಿಗೆ ಪಾಠ ಹೇಳಿಕೊಡಲು ಬಾರದಿದ್ದರೂ ಪರವಾಗಿಲ್ಲ. ಮುಂದಿನ ಓದಿನ ಬಗ್ಗೆ ಮಾತಾಡಿ. ಪುಸ್ತಕ ಮುಚ್ಚಿಸಿ ಪಾಠ ಹೇಳಿಸಿ. ಎಂಟು ಗಂಟೆ ಮಲಗಲು ಬಿಡಿ. ತಿಂಗಳಿಗೊಮ್ಮೆ ಶಾಲೆಗೆ ಫೋನ್ ಮಾಡಿ ಹಾಜರಾತಿ ಕೇಳಿ. ಹೊಡೆಯಿರಿ ಎಂದು ಮೇಷ್ಟ್ರಿಗೆ ಹೇಳಬೇಡಿ. ಎಸ್‌ಎಸ್‌ಎಲ್‌ಸಿಗೆ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ ಎಂಬುದನ್ನು ಮಗುವಿಗೂ ನೆನಪಿಸಿ.