ಯಾದವಗಿರಿಯಿಂದ ಹಿಂಗಣಾಕ್ಕೆ ಬಂದ ಜಾವಾ

ಹಿಂಗಣಾ ರಸ್ತೆಯಲ್ಲಿ ಬೆಳಗಿನ ಪಾಳಿ ಕೂಡುವ ಹೊತ್ತಿಗೆ ನಿಂತು ನೋಡಿದರೆ ಕೈಗಾರಿಕಾ ವಸಾಹತಿನತ್ತ ಹೋಗುವ ದ್ವಿಚಕ್ರ ವಾಹನಗಳ ಸಾಲಿಗೆ ಕೊನೆಯೇ ಕಾಣದು. ಈಗಿನ ಗಾಡಿಗಳು ಹೆಚ್ಚು ಸದ್ದಿಲ್ಲದೆ ಹೋಗುತ್ತವೆ. ಯಾರೂ ತಿರುಗಿ ನೋಡುವುದಿಲ್ಲ. ಎಂದಾದರೊಮ್ಮೆ ಆ ಸಾಲಿನ ನಡುವೆ ನೀಲಿ ಹೊಗೆಯ ಸಣ್ಣ ಬಾಲ ಬಿಡುತ್ತ, ಎರಡು ಸೈಲೆನ್ಸರುಗಳಿಂದ ತಾಳ ಹಾಕುತ್ತ ಒಂದು ಹಳೆಯ ಜಾವಾ ಹಾದು ಹೋದರೆ ಮಾತ್ರ ನಮ್ಮ ಕಡೆಯವರ ಕತ್ತು ತಾನಾಗಿ ತಿರುಗುತ್ತದೆ. ಆ ಮೋಟಾರ್ ಸೈಕಲ್ಲು ಮೈಸೂರಿನದು ಎಂಬುದು ಇಲ್ಲಿನ ಬಹುಮಂದಿಗೆ ಗೊತ್ತಿಲ್ಲ. ಹೆಸರು ಕೇಳಿ ಅದು ಜಾವಾ ದ್ವೀಪದಿಂದ ಬಂದದ್ದೆಂದು ವಾದ ಹೂಡಿದ ಮಹನೀಯರನ್ನೂ ನಾವು ಕಂಡಿದ್ದೇವೆ. ಆದ್ದರಿಂದ ಈ ಸಲ ಅದರ ವೃತ್ತಾಂತವನ್ನೇ ಬರೆಯೋಣವೆಂದು ಹೊರಟಿದ್ದೇವೆ.

ದ್ವೀಪಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರೊಬ್ಬರು ಶಸ್ತ್ರಾಸ್ತ್ರ ತಯಾರಿಸುತ್ತಿದ್ದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಆ ಸರಕಿಗೆ ಬೇಡಿಕೆ ತಗ್ಗಿತು. 1929ರಲ್ಲಿ ಅವರು ಜರ್ಮನಿಯ ವಾಂಡರರ್ ಕಂಪನಿಯ 500 ಸಿ.ಸಿ. ಮೋಟಾರ್ ಸೈಕಲ್ಲಿನ ಹಕ್ಕನ್ನು ಕೊಂಡು, ತಮ್ಮ ಹೆಸರಿನ ಮೊದಲ ಎರಡು ಅಕ್ಷರಗಳಿಗೆ ವಾಂಡರರಿನ ಎರಡು ಅಕ್ಷರಗಳನ್ನು ಜೋಡಿಸಿದರು. ಅದೇ ಜಾವಾ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಆಡಳಿತವಿದ್ದಾಗ ಅಲ್ಲಿನ ವಿನ್ಯಾಸಕಾರರು ಗುಟ್ಟಾಗಿ ಒಂದು 250 ಸಿ.ಸಿ. ಗಾಡಿಯನ್ನು ರೂಪಿಸಿಟ್ಟುಕೊಂಡರು, 1946ರಲ್ಲಿ ಅದು ‘ಪೆರಾಕ್’ ಎಂಬ ಹೆಸರಿನಲ್ಲಿ ಹೊರಬಂತು. 1954ರ ಹೊತ್ತಿಗೆ ಅದರ ವಂಶದ 353 ಎಂಬ ಮಾದರಿ ಬಂತು. ನಮ್ಮ ಮೈಸೂರಿನ ಜಾವಾಕ್ಕೆ ಮೂಲ ಇದೇ.

ಮುಂಬಯಿಯಲ್ಲಿ ಈ ಗಾಡಿಗಳನ್ನು ತರಿಸಿ ಮಾರುತ್ತಿದ್ದವರು ಪಾರಸಿ ಮನೆತನದ ರುಸ್ತುಂ ಇರಾನಿಯವರು. ಐವತ್ತರ ದಶಕದಲ್ಲಿ ಸರ್ಕಾರ ಸಿದ್ಧ ವಾಹನಗಳ ಆಮದಿಗೆ ಕಡಿವಾಣ ಹಾಕಿತು. ಮಾರುವವರು ತಾವೇ ತಯಾರಿಸಬೇಕು, ಇಲ್ಲವೇ ಅಂಗಡಿ ಮುಚ್ಚಬೇಕು. ಇರಾನಿಯವರು ತಯಾರಿಕೆಗೆ ಇಳಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ ಕಾರ್ಖಾನೆ ಮೈಸೂರಿಗೆ ಬಂತು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿ, 1961ರ ಸುಮಾರಿಗೆ ಗಾಡಿಗಳು ಹೊರಬರತೊಡಗಿದವು. ಆರ್. ಕೆ. ನಾರಾಯಣರ ಮನೆ ಇರುವುದೂ ಅದೇ ಯಾದವಗಿರಿಯಲ್ಲಿ. ಮಾಲ್ಗುಡಿಯ ಸೃಷ್ಟಿಕರ್ತರ ನೆರೆಯಲ್ಲಿ ಚೆಕ್ ದೇಶದ ಎಂಜಿನ್ನು ಕನ್ನಡಿಗರ ಕೈಯಲ್ಲಿ ಜೋಡಣೆಯಾಗುತ್ತಿತ್ತು! ನಾವು ನಾಗಪುರಕ್ಕೆ ಬಂದವರು ಇಲ್ಲಿ ಮತ್ತೊಂದು ಮಾತು ನೆನೆಯಬೇಕು. ಹಿಂಗಣಾದ ವಸಾಹತನ್ನು ನೋಡಿಕೊಳ್ಳುವ ಮಹಾರಾಷ್ಟ್ರದ ಕೈಗಾರಿಕಾ ನಿಗಮ ಹುಟ್ಟಿದ್ದು 1962ರಲ್ಲಿ. ಮೈಸೂರು ಮೋಟಾರ್ ಸೈಕಲ್ಲು ಮಾಡಲು ಕಲಿತ ಹೊತ್ತಿನಲ್ಲೇ ನಮಗೆ ಅನ್ನ ಕೊಡಲಿದ್ದ ಊರಿನ ತಯಾರಿಯೂ ನಡೆದಿತ್ತು.

ಆಗ ಪೇಟೆಯಲ್ಲಿ ಪೈಪೋಟಿ ಹೆಚ್ಚಿರಲಿಲ್ಲ. ಮದರಾಸಿನ ಎನ್‌ಫೀಲ್ಡ್ ಬುಲೆಟ್ 1955ರಿಂದ ಇತ್ತು. ಫರೀದಾಬಾದಿನ ರಾಜದೂತ್ 1962ರ ಸುಮಾರಿಗೆ ಬಂತು. ಬುಲೆಟ್ ಪೊಲೀಸರಿಗೆ, ರಾಜದೂತ್ ಹಾಲಿನವರಿಗೆ, ಜಾವಾ ಕಾಲೇಜಿನ ಹುಡುಗರಿಗೆ ಎಂಬ ಮಾತು ನಮ್ಮ ಕಡೆ ಇತ್ತು. ಮಾತು ಪೂರ್ತಿ ನ್ಯಾಯವಲ್ಲ. ಮೇಷ್ಟರುಗಳೂ ಡಾಕ್ಟರುಗಳೂ ಜಾವಾದಲ್ಲೇ ಓಡಾಡಿದರು.

ಗಾಡಿಯ ರಚನೆಯನ್ನು ಸ್ವಲ್ಪ ವಿವರಿಸದಿದ್ದರೆ ಈ ಲೇಖನ ಬರೆದು ಪ್ರಯೋಜನವಿಲ್ಲ. ಒಂದೇ ಸಿಲಿಂಡರು, ಎರಡು ಸ್ಟ್ರೋಕಿನ 250 ಸಿ.ಸಿ. ಎಂಜಿನ್ನು, ಆದರೆ ಹೊಗೆ ಹೋಗಲು ಎರಡು ದಾರಿ; ಅದರಿಂದ ಎಡಬಲಕ್ಕೆ ಎರಡು ಸೈಲೆನ್ಸರು. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು, ಲೀಟರಿಗೆ ಸುಮಾರು 40 ಮಿಲಿ ಲೀಟರು. ಸರಪಳಿ ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತದೆ, ಪಂಚೆಯಂಚಿಗೆ ಅಪಾಯವಿಲ್ಲ. ಎಲ್ಲಕ್ಕಿಂತ ಸೋಜಿಗ ಎಡಗಾಲಿನ ಸನ್ನೆ. ಅದನ್ನು ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರು. ಎಂಜಿನ್ನು ಹೊತ್ತಿದ ಮೇಲೆ ಮುಂದಕ್ಕೆ ಇಳಿಸಿದರೆ ಅದೇ ಗೇರು. ಗೇರು ಬದಲಿಸುವಾಗ ಕಾಲಿನ ಒತ್ತಡಕ್ಕೇ ಕ್ಲಚ್ಚು ಬಿಟ್ಟುಕೊಳ್ಳುತ್ತದೆ, ಕೈ ಹಾಕಲೇಬೇಕೆಂದಿಲ್ಲ. ಕೀಲಿಯಂತೂ ಒಂದು ಮೊಳೆಯಂಥದು. ಗಾಡಿ ಕದಿಯಲು ಬಂದವನು ಮೊಳೆಯಿಂದ ಕೆಲಸ ಸಾಧಿಸಿದರೂ ಕಿಕ್ಕರು ಎಲ್ಲಿದೆಯೆಂದು ಹುಡುಕಿ ಸೋಲುತ್ತಿದ್ದನೆಂದು ಹಿರಿಯರು ತಮಾಷೆ ಮಾಡುತ್ತಿದ್ದರು.

1973ರಲ್ಲಿ ಜಾವಾ ಎಂಬ ಹೆಸರು ಹೋಗಿ ಯಜ್ದಿ ಬಂತು. ಇರಾನಿ ಮನೆತನದವರ ಮೂಲ ಊರಾದ ಪರ್ಷಿಯದ ಯಜ್ದ್ ಪಟ್ಟಣದಿಂದ ಆ ಹೆಸರು ಎನ್ನುವುದು ಒಂದು ಪಕ್ಷ. ಚೆಕ್ ಭಾಷೆಯಲ್ಲಿ ಸವಾರಿ ಹೋಗುವುದಕ್ಕೆ ಹೆಚ್ಚುಕಡಿಮೆ ಇದೇ ಸದ್ದಿನ ಕ್ರಿಯಾಪದ ಇದೆಯಾದ್ದರಿಂದ ಅಲ್ಲಿಂದ ಎನ್ನುವುದು ಇನ್ನೊಂದು. ನಮಗೆ ಮೊದಲನೆಯದೇ ಒಪ್ಪಿಗೆ. ಊರು ಬಿಟ್ಟವರು ಹೋದಲ್ಲಿ ಊರಿನ ಹೆಸರಿಡುವುದು ನಮಗೆ ಹೊಸತಲ್ಲ. 1978ರಲ್ಲಿ ರೋಡ್‌ಕಿಂಗ್ ಬಂತು. ಶೋಲಾವರಂನ ಪಂದ್ಯಗಳಲ್ಲಿ ಯಜ್ದಿಗಳು ಓಡಿದವು. ಯಾದವಗಿರಿಯ ಪಾಳಿಯ ಸೈರನ್ನಿಗೆ ಅನೇಕ ಮನೆಗಳ ಅಡುಗೆ ಹೊಂದಿಕೊಂಡಿತ್ತು.

ಇಳಿಗಾಲ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ಜಪಾನಿನ ಸಹಯೋಗದ 100 ಸಿ.ಸಿ. ಗಾಡಿಗಳು 1984, 85ರಲ್ಲಿ ಒಂದರ ಹಿಂದೊಂದು ಬಂದವು: ಇಂಡ್ ಸುಜುಕಿ, ಹೀರೋ ಹೋಂಡಾ, ಯಮಹಾ ಆರ್.ಎಕ್ಸ್. ಹಗುರ, ಕಡಿಮೆ ಪೆಟ್ರೋಲು. ಪೆಟ್ರೋಲಿನ ಬಿಲ್ಲು ನೋಡಿ ಸಂಸಾರ ನಡೆಸುವವನಿಗೆ ಯಜ್ದಿಯ ಗತ್ತು ದುಬಾರಿಯಾಯಿತು. ಗಾಡಿಯೋ ಹಳೆಯ ನಕ್ಷೆಯಲ್ಲೇ ಉಳಿದಿತ್ತು. ಕಾರ್ಮಿಕರ ಬಿಕ್ಕಟ್ಟು ಸೇರಿತು. ಹೊಗೆಯ ನಿಯಮಗಳು 1996ರಲ್ಲಿ ಬಿಗಿಯಾದವು. ಅದೇ ವರ್ಷ ಕಾರ್ಖಾನೆ ಬಾಗಿಲು ಹಾಕಿತು. ಮುದುಕರಾಗುವವರೆಗೆ ಅಲ್ಲೇ ಇರುತ್ತೇವೆಂದು ನಂಬಿ ಸೇರಿದವರು ನಡುವಯಸ್ಸಿನಲ್ಲಿ ಹೊರಗೆ ನಿಂತರು. ಗಾಡಿಯ ಅಭಿಮಾನಿಗಳು ಬರೆಯುವಾಗ ಈ ಮಾತನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಅದು ನಮಗೆ ಸರಿಯೆನಿಸದು. ಇಂದು ಆ ಗಾಡಿಗಳನ್ನು ಬಿಚ್ಚಿ ಜೋಡಿಸಬಲ್ಲ ಮೈಸೂರಿನ ಮೇಸ್ತ್ರಿಗಳಲ್ಲಿ ಆ ಕಾರ್ಖಾನೆಯಲ್ಲೇ ಕೈ ಪಳಗಿಸಿಕೊಂಡವರಿದ್ದಾರೆ.

ವಿಚಿತ್ರವೆಂದರೆ ಕಾರ್ಖಾನೆ ಹೋದ ಮೇಲೆ ಗಾಡಿಯ ಬೆಲೆ ಏರಿತು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯಜ್ದಿ ದಿನವೆಂದು ಬೆಂಗಳೂರು, ಮೈಸೂರು ಮೊದಲಾದ ಊರುಗಳಲ್ಲಿ ನೂರಾರು ಮಂದಿ ಸೇರುತ್ತಾರೆ. ನಮ್ಮ ಮನೆಯಲ್ಲೂ ಒಂದು 1968ರ ಜಾವಾ ಇದೆ. ತಂದೆಯವರು ಮೈಸೂರಿನಲ್ಲಿ ಕೊಂಡು, ಇಲ್ಲಿ ಕೆಲಸ ಸಿಕ್ಕಾಗ ಗೂಡ್ಸ್ ರೈಲಿನಲ್ಲಿ ತರಿಸಿದ್ದು. ಅವರು ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಹಿತ್ತಿಲ ತಗಡಿನ ಚಪ್ಪರದಲ್ಲಿ ಬಿದ್ದಿತ್ತು. ಗುಜರಿಯವನು ತೂಕಕ್ಕೆ ಕೇಳಿದ. ಮಕ್ಕಳು ಚೌಕಟ್ಟು ಕತ್ತರಿಸಿ, ಹಿಡಿಕೆ ಎತ್ತರಿಸಿ, ಈಗಿನ ಮೋಜಿನ ಗಾಡಿಯಾಗಿ ಮಾರ್ಪಡಿಸೋಣ ಎಂದರು. ಎರಡಕ್ಕೂ ಮನಸ್ಸು ಒಪ್ಪಲಿಲ್ಲ.

ಮಾರ್ಪಾಟು ಮಾಡುವವರ ಕೈಚಳಕವನ್ನು ನಾವು ಹಳಿಯುವುದಿಲ್ಲ. ಆದರೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಅಲ್ಲದೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳಿಗೆ ನಿಯಮ ಮಾಡಿತು. 50 ವರ್ಷ ದಾಟಿ ಮೂಲ ರೂಪದಲ್ಲಿರುವ ಗಾಡಿಗೆ ಪ್ರತ್ಯೇಕ ನೋಂದಣಿ. ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ. ಆದರೆ ಅಂಥ ಗಾಡಿಯನ್ನು ದಿನನಿತ್ಯ ರಸ್ತೆಗಿಳಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದವಕ್ಕೆ ಮಾತ್ರ. ಗೌರವ ಬೇಕೋ ಓಡಾಟ ಬೇಕೋ ಎಂದು ಮನೆಯಲ್ಲಿ ವಾರಗಟ್ಟಲೆ ಚರ್ಚೆ ನಡೆಯಿತು. ಕೊನೆಗೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿದೆವು. ತಂದೆಯವರು ಅದನ್ನು ಪ್ರದರ್ಶನಕ್ಕೆಂದು ತರಿಸಿರಲಿಲ್ಲ.

ಇಂಥ ಗಾಡಿ ಮನೆಯಲ್ಲಿರುವ ಬಂಧುಗಳಿಗೆ ನಾವು ಪೆಟ್ಟು ತಿಂದು ಕಲಿತ ಒಂದೆರಡು ಮಾತು. ಬಣ್ಣಕ್ಕೆ ಮೊದಲು ಹೋಗಬೇಡಿ. ನಾವು ಹಾಗೆ ಹೋಗಿ, ಬಣ್ಣದ ಅಂಗಡಿಯೊಂದರಲ್ಲಿ ಟ್ಯಾಂಕಿನ ಮೂಲ ಲಾಂಛನ ಕಳೆದುಕೊಂಡೆವು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಯೂ ಉಸಿರಾಟದ ಭಾಗ. ಗಾಡಿ ವರ್ಷಗಟ್ಟಲೆ ನಿಂತರೆ ಅಲ್ಲಿನ ರಬ್ಬರು ಸೀಲುಗಳು ಒಣಗಿ ಬಿರಿಯುತ್ತವೆ. ಬೇಡದ ಗಾಳಿ ನುಗ್ಗುತ್ತದೆ, ಮಿಶ್ರಣ ತೆಳುವಾಗುತ್ತದೆ, ಎಂಜಿನ್ನು ಕಾದು ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ನಮ್ಮ ನಾಗಪುರದ ಮೇ ತಿಂಗಳಲ್ಲಂತೂ ಕೇಳುವುದೇ ಬೇಡ. ಆದ್ದರಿಂದ ಮೊದಲು ಸೀಲು, ಬೇರಿಂಗು, ಆಮೇಲೆ ಸಿಲಿಂಡರು, ಬಣ್ಣ ಕೊನೆಗೆ. ಈಚೆಗೆ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುತ್ತಾರೆ. ಅದು ನೀರನ್ನು ಹೀರುವ ದ್ರವ. ಹಳೆಯ ರಬ್ಬರಿಗೂ ಹಿತವಲ್ಲ. ಹೆಚ್ಚು ದಿನ ನಿಲ್ಲಿಸುವುದಾದರೆ ಟ್ಯಾಂಕು ಬರಿದು ಮಾಡಿ.

ಇನ್ನೊಂದು ಸುದ್ದಿ ಹೇಳದೆ ಮುಗಿಸುವಂತಿಲ್ಲ. 2018ರ ನವೆಂಬರಿನಲ್ಲಿ ಜಾವಾ, 2022ರ ಜನವರಿಯಲ್ಲಿ ಯಜ್ದಿ ಮತ್ತೆ ಪೇಟೆಗೆ ಬಂದವು. ಹಿಂದೆ ನಿಂತವರು ಮಹೀಂದ್ರಾ ಸಮೂಹ. ಜೊತೆಗೂಡಿದವರಲ್ಲಿ ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯವರೂ ಒಬ್ಬರು (ಸಿನಿಮಾ ನಟರಲ್ಲ, ಅವರು ಬೇರೆ). ನಮ್ಮ ಹಿಂಗಣಾದಲ್ಲಿ ಟ್ರ್ಯಾಕ್ಟರ್ ಮಾಡುವವರೂ ಅದೇ ಮಹೀಂದ್ರಾ. ಆದರೆ ಹೊಸ ಜಾವಾ ಹುಟ್ಟುವುದು ಹಿಂಗಣಾದಲ್ಲೂ ಅಲ್ಲ, ಮೈಸೂರಿನಲ್ಲೂ ಅಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ನಾಲ್ಕು ಸ್ಟ್ರೋಕಿನ ಎಂಜಿನ್ನು, ನೀರಿನಿಂದ ತಂಪು. ಚೆನ್ನಾಗಿಯೇ ಇದೆ. ಓಡಿಸಿ ನೋಡಿದೆವು, ಎಡಗಾಲು ಮಾತ್ರ ಎರಡು ಸಲ ಇಲ್ಲದ ಕಿಕ್ಕರನ್ನು ಹುಡುಕಿತು.

ಮನೆಯ ಗಾಡಿ ಕಳೆದ ದಸರಾ ದಿನ ಏಳನೆಯ ಒದೆತಕ್ಕೆ ಹೊತ್ತಿಕೊಂಡಿತು. ಎಂ.ವೈ. ಎಂದು ಶುರುವಾಗುವ ಹಳೆಯ ಮೈಸೂರು ರಾಜ್ಯದ ಸಂಖ್ಯಾ ಫಲಕ ಈಗ ನಡುಮನೆಯ ಗೋಡೆಯಲ್ಲಿದೆ. ಟ್ಯಾಂಕಿನ ಲಾಂಛನ ಇನ್ನೂ ಸಿಕ್ಕಿಲ್ಲ. ಊರಿಗೆ ಹೋಗುವ ಬಂಧುಗಳು ಯಾರಾದರೂ ಮೈಸೂರಿನ ಹಳೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದರೆ ಉಪಕಾರವಾಗುತ್ತದೆ, ಬಲಬದಿಯದು ಬೇಕು.