ಶರತ್ಕಾಲಕ್ಕೆ ಮರುಭೂಮಿ ಸೇರುವ ಮನೆಗಳು

ಅಮೆರಿಕದ ಅರಿಜೋನಾ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಸೊನೋರನ್ ಮರುಭೂಮಿಯ ನಡುವೆ ಕ್ವಾರ್ಟ್ಜ್‌ಸೈಟ್ ಎಂಬ ಊರಿದೆ. 2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಎರಡೂವರೆ ಸಾವಿರವನ್ನೂ ಮುಟ್ಟುವುದಿಲ್ಲ. ಬೇಸಿಗೆಯ ಬಿಸಿಲು 45 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬೀದಿಯಲ್ಲಿ ನರಪಿಳ್ಳೆಯೂ ಕಾಣಿಸದು. ಆದರೆ ಶರತ್ಕಾಲ ಕಾಲಿಡುತ್ತಿದ್ದಂತೆ ಉತ್ತರದ ರಾಜ್ಯಗಳಿಂದ, ಕೆನಡಾದಿಂದ ಮೋಟಾರ್‌ಹೋಮ್‌ಗಳು ಒಂದರ ಹಿಂದೊಂದು ಬರತೊಡಗುತ್ತವೆ. ಮಂಚ, ಒಲೆ, ಶೌಚಾಲಯ ಎಲ್ಲವೂ ಒಳಗೇ ಇರುವ ಈ ವಾಹನಗಳು ಜನವರಿಯ ಹೊತ್ತಿಗೆ ಊರ ಸುತ್ತ ಸಾವಿರಾರು. ಚಳಿಗೆ ಬೆನ್ನು ಹಾಕಿ ಬರುವ ಈ ಜನರಿಗೆ ಅಲ್ಲಿ 'ಹಿಮಹಕ್ಕಿ'ಗಳೆಂದೇ ಹೆಸರು.

ಇವರೆಲ್ಲ ಸುಖವಾಗಿ ಕಾಲ ಕಳೆಯಲು ಬಂದ ಪಿಂಚಣಿದಾರರು ಎಂದುಕೊಂಡರೆ ಅದು ಅರ್ಧ ಕಥೆ ಮಾತ್ರ.

ಈ ಊರು ಬೆಳೆದದ್ದೇ ದಾರಿಹೋಕರಿಂದ. 1856ರಲ್ಲಿ ಚಾರ್ಲ್ಸ್ ಟೈಸನ್ ಎಂಬಾತ ಇಲ್ಲಿ ಪುಟ್ಟ ಕೋಟೆಯೊಂದನ್ನು ಕಟ್ಟಿದ. ನೀರು ಸಿಗುತ್ತಿದ್ದುದರಿಂದ ಕುದುರೆಗಾಡಿಗಳು ಇಲ್ಲಿ ತಂಗತೊಡಗಿದವು. ಅದೇ ವರ್ಷ ಟೆಕ್ಸಾಸ್ ಕರಾವಳಿಯಲ್ಲಿ ಒಂದು ವಿಚಿತ್ರ ಸರಕು ಇಳಿಯಿತು: 34 ಒಂಟೆಗಳು! ಮರುಭೂಮಿಯಲ್ಲಿ ಸೈನ್ಯದ ಸಾಮಾನು ಸಾಗಿಸಲು ಒಂಟೆಯೇ ತಕ್ಕದ್ದೆಂಬ ಯುದ್ಧ ಕಾರ್ಯದರ್ಶಿ ಜೆಫರ್‌ಸನ್ ಡೇವಿಸ್ ಅವರ ವಾದಕ್ಕೆ ಮಣಿದು ಅಮೆರಿಕದ ಕಾಂಗ್ರೆಸ್ 1855ರಲ್ಲಿ 30,000 ಡಾಲರ್ ಮಂಜೂರು ಮಾಡಿತ್ತು. ಒಂಟೆ ನೋಡಿಕೊಳ್ಳಲು ಒಟ್ಟೋಮನ್ ಸಾಮ್ರಾಜ್ಯದಿಂದ ಬಂದವರಲ್ಲಿ ಹಾಜಿ ಅಲಿಯೂ ಒಬ್ಬ. ಸೈನಿಕರ ನಾಲಗೆಗೆ ಆ ಹೆಸರು ಹೊರಳದೆ 'ಹೈ ಜಾಲಿ' ಆಯಿತು.

ಒಂಟೆಗಳು ನಿರೀಕ್ಷೆಗೂ ಮೀರಿ ದುಡಿದವು. ಕೆಟ್ಟದ್ದು ಕಾಲ. 1861ರಲ್ಲಿ ಅಂತರ್ಯುದ್ಧ ಶುರುವಾಯಿತು. ಡೇವಿಸ್ ಬಂಡಾಯ ರಾಜ್ಯಗಳ ಅಧ್ಯಕ್ಷರಾದರು. ಅವರ ಒಂಟೆಗಳು ಯಾರಿಗೂ ಬೇಡವಾಗಿ ಹರಾಜಾದವು. ಹೈ ಜಾಲಿ ಕೆಲಕಾಲ ಒಂಟೆಗಳ ಮೇಲೆ ಸಾಮಾನು ಸಾಗಿಸಿದ, ಅದಿರು ಹುಡುಕಿದ, 1902ರಲ್ಲಿ ಕ್ವಾರ್ಟ್ಜ್‌ಸೈಟ್‌ನಲ್ಲಿ ಸತ್ತ. 1935ರಲ್ಲಿ ಆತನ ಸಮಾಧಿಯ ಮೇಲೆ ರಾಜ್ಯದ ಹೆದ್ದಾರಿ ಇಲಾಖೆಯೇ ಕಲ್ಲಿನ ಪಿರಮಿಡ್ ಕಟ್ಟಿಸಿತು. ಅದರ ತುದಿಯಲ್ಲೊಂದು ತಾಮ್ರದ ಒಂಟೆ.

ಒಂಟೆಗೆ ಆಗದ್ದು ಪೆಟ್ರೋಲಿಗೆ ಆಯಿತು. 1956ರ ಕಾಯ್ದೆಯಿಂದ ರಾಷ್ಟ್ರೀಯ ಹೆದ್ದಾರಿಗಳ ಜಾಲ ಹರಡಿತು. ಐಯೋವಾದ ವಿನ್ನೆಬೇಗೊ ಕಂಪೆನಿ 1966ರಿಂದ ಕಾರಿನಂತೆಯೇ ಸಾಲಾಗಿ ಮೋಟಾರ್‌ಹೋಮ್ ತಯಾರಿಸತೊಡಗಿ ಬೆಲೆ ಇಳಿಯಿತು. 1967ರಲ್ಲಿ ಕ್ವಾರ್ಟ್ಜ್‌ಸೈಟ್‌ನವರು ಹರಳುಕಲ್ಲುಗಳ ಮೇಳ ಆರಂಭಿಸಿದರು. ನಿವೃತ್ತರ ದಂಡು ಹರಿದು ಬಂತು.

ಸುತ್ತಲಿನ ನೆಲ ಬಹುಪಾಲು ಕೇಂದ್ರ ಸರ್ಕಾರದ್ದು. ಬಂದವರು ಕಂಡಲ್ಲಿ ಬೀಡುಬಿಟ್ಟರೆ ಮರುಭೂಮಿ ಉಳಿಯುವುದಿಲ್ಲ. ಬರಡು ಎನಿಸಿದರೂ ಅದರ ಮೇಲ್ಮೈ ಬಹಳ ಸೂಕ್ಷ್ಮ. 1942ರಲ್ಲಿ ಜನರಲ್ ಪ್ಯಾಟನ್ ಆರಂಭಿಸಿದ ತರಬೇತಿ ಶಿಬಿರದ ಟ್ಯಾಂಕುಗಳು ಈ ಭಾಗದ ಮರುಭೂಮಿಯಲ್ಲಿ ಬಿಟ್ಟುಹೋದ ಗುರುತುಗಳು ಇಂದಿಗೂ ಅಳಿಸಿಲ್ಲ! ಹೀಗಾಗಿ ಭೂ ನಿರ್ವಹಣಾ ಇಲಾಖೆ 1983ರಲ್ಲಿ ದೀರ್ಘಾವಧಿ ತಂಗುದಾಣಗಳನ್ನು ಗುರುತಿಸಿತು. ಊರಿನ ದಕ್ಷಿಣಕ್ಕಿರುವ ಲಾ ಪೋಸಾ ತಂಗುದಾಣದಲ್ಲಿ ಪರವಾನಗಿ ಪಡೆದವರು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬಹುದು. ಹಲವು ವರ್ಷಗಳ ಕಾಲ ಇದರ ಶುಲ್ಕ 180 ಡಾಲರ್ ಇತ್ತು. ಅಮೆರಿಕದ ಯಾವುದೇ ನಗರದಲ್ಲಿ ಅದು ಒಂದು ತಿಂಗಳ ಬಾಡಿಗೆಗೂ ಸಾಲದು.

2008ರ ಆರ್ಥಿಕ ಕುಸಿತದ ನಂತರ ಈ ಅಗ್ಗದ ನೆಲಕ್ಕೆ ಬೇರೆಯೇ ಅರ್ಥ ಬಂತು. ಉಳಿತಾಯ ಕರಗಿ, ಸಾಲದ ಮನೆ ಕೈಬಿಟ್ಟು ಹೋದ ವೃದ್ಧರು ವ್ಯಾನಿನಲ್ಲೇ ಸಂಸಾರ ಹೂಡಿದರು. ಶರತ್ಕಾಲ ಇವರಿಗೆ ವಿರಾಮವಾಗಿರಲಿಲ್ಲ, ದುಡಿಮೆಯ ಹಂಗಾಮಾಗಿತ್ತು: ಉತ್ತರದ ಹೊಲಗಳಲ್ಲಿ ಸಕ್ಕರೆ ಬೀಟ್ ಕೊಯ್ಲು, ಕ್ರಿಸ್‌ಮಸ್‌ವರೆಗೆ ಅಮೆಜಾನ್ ಗೋದಾಮುಗಳಲ್ಲಿ ತಾತ್ಕಾಲಿಕ ಕೆಲಸ, ಅದು ಮುಗಿದ ಮೇಲೆ ಮರುಭೂಮಿ. ಪತ್ರಕರ್ತೆ ಜೆಸ್ಸಿಕಾ ಬ್ರೂಡರ್ ಇವರ ಬದುಕನ್ನು 2017ರ 'ನೋಮ್ಯಾಡ್‌ಲ್ಯಾಂಡ್' ಪುಸ್ತಕದಲ್ಲಿ ದಾಖಲಿಸಿದರು. ಅದನ್ನು ಆಧರಿಸಿದ ಚಿತ್ರಕ್ಕೆ 2021ರಲ್ಲಿ ಆಸ್ಕರ್ ಬಂತು. ಅದರಲ್ಲಿ ಕೆಲವು ಅಲೆಮಾರಿಗಳು ತಮ್ಮ ಪಾತ್ರವನ್ನು ತಾವೇ ಮಾಡಿದ್ದಾರೆ.

ಲಕ್ಷಾಂತರ ಡಾಲರ್ ಬೆಲೆಯ ಮೋಟಾರ್‌ಹೋಮ್ ಮತ್ತು ಹಾಸಿಗೆಯೊಂದೇ ಹಿಡಿಸುವ ಹಳೆಯ ವ್ಯಾನು ಲಾ ಪೋಸಾದಲ್ಲಿ ಅಕ್ಕಪಕ್ಕ ನಿಂತಿರುತ್ತವೆ. ಇಬ್ಬರಿಗೂ ಕುಡಿಯುವ ನೀರು ಅದೇ ನಲ್ಲಿಯದು. ವ್ಯತ್ಯಾಸ ಎದ್ದು ಕಾಣುವುದು ಏಪ್ರಿಲ್‌ನಲ್ಲಿ. ಮನೆ ಇದ್ದವರು ಮನೆಗೆ ಹೊರಡುತ್ತಾರೆ. ಇಲ್ಲದವರು ತಂಪು ಹುಡುಕಿ 2,100 ಮೀಟರ್ ಎತ್ತರದ ಫ್ಲ್ಯಾಗ್‌ಸ್ಟಾಫ್‌ನಂಥ ಊರುಗಳ ಸುತ್ತಲಿನ ಕಾಡುಗಳತ್ತ ಏರುತ್ತಾರೆ. ಅಲ್ಲಿ ಒಂದು ಕಡೆ 14 ದಿನಗಳಿಗಿಂತ ಹೆಚ್ಚು ತಂಗುವಂತಿಲ್ಲ.